ಅಪ್‌ಡೇಟ್: ಒಂದೇ ಬಿಂದುವಿನಲ್ಲಿ ಕೂಡುವ ಮೂರು ರೇಖೆಗಳು, ಲೆಕ್ಕ ಈಗ ಸರಿಹೋಯಿತು

ಪ್ರಶ್ನೆ ಇದಾಗಿತ್ತು: ಸಂಕೀರ್ಣ ಪ್ರೊಜೆಕ್ಟಿವ್ ಸಮತಲದಿಂದ ಒಂದೇ ಬಿಂದುವಿನಲ್ಲಿ ಕೂಡುವ ಮೂರು ರೇಖೆಗಳನ್ನು ತೆಗೆದರೆ ಉಳಿಯುವ ವೆರೈಟಿ (ಬಹುಪದ ಸಮೀಕರಣಗಳಿಂದ ಹೇಳಬಹುದಾದ ಆಕೃತಿ) ಯು. ಇದಕ್ಕೆ ಡೆಲೀನ್ 1971ರಲ್ಲಿ ಕೊಟ್ಟ ತೂಕದ ಸ್ಪೆಕ್ಟ್ರಲ್ ಸೀಕ್ವೆನ್ಸ್ (ಆಕೃತಿಯ ರಂಧ್ರಗಳನ್ನು ಅಳೆಯುವ ಕೊಹೊಮಾಲಜಿಯನ್ನು ತೆಗೆದ ಗಡಿಯ ತುಂಡುಗಳಿಂದ ಪುಟ ಪುಟವಾಗಿ ಲೆಕ್ಕ ಹಾಕುವ ವಿಧಾನ) ಹಚ್ಚಿದರೆ ಆಯ್ಲರ್ ಸಂಖ್ಯೆ 3 − 6 + 3 = 0 (ಸಮತಲಕ್ಕೆ 3, ಪ್ರತಿ ರೇಖೆಗೆ 2, ರೇಖೆಗಳ ಪ್ರತಿ ಜೋಡಿಯ ಛೇದನಕ್ಕೆ 1) ಬರುತ್ತದೆ; ಬರಬೇಕಾದದ್ದು −1. ಏಕೆ?

ಉತ್ತರಿಸಿದವರಿಗೆ ಧನ್ಯವಾದ. ತೊಡಕು ಸೀಕ್ವೆನ್ಸಿನದಲ್ಲ, ಗಡಿಯದು. ಮೂರು ರೇಖೆ ಒಂದೆಡೆ ಸೇರಿದರೆ ಅದು ಸೀಕ್ವೆನ್ಸಿಗೆ ಬೇಕಾದ ನಾರ್ಮಲ್ ಕ್ರಾಸಿಂಗ್ (ಒಂದು ಬಿಂದುವಿನಲ್ಲಿ ಎರಡೇ ರೇಖೆ ಅಡ್ಡಹಾಯುವುದು) ಅಲ್ಲ. ಆ ಬಿಂದುವನ್ನು ಬ್ಲೋ-ಅಪ್ ಮಾಡಿ (ಅದರ ಜಾಗದಲ್ಲಿ ಅದರ ಮೂಲಕ ಹಾಯುವ ದಿಕ್ಕುಗಳ ಒಂದು ರೇಖೆ ಇಡಿ), ಯು ಬದಲಾಗುವುದಿಲ್ಲ. ಗಡಿಯಲ್ಲಿ ಈಗ 4 ಪ್ರೊಜೆಕ್ಟಿವ್ ರೇಖೆ (ಮೂರು ಹಳೆಯವು, ಬ್ಲೋ-ಅಪ್‌ನಿಂದ ಬಂದ ಎಕ್ಸೆಪ್ಷನಲ್ ಒಂದು), 3 ಛೇದನ ಬಿಂದು. ಬ್ಲೋ-ಅಪ್ ಆದ ಸಮತಲಕ್ಕೆ ಈಗ 4, ಹಾಗಾಗಿ 4 − 8 + 3 = −1.

ಭಾಗಲಬ್ಧ ಗುಣಾಂಕಗಳಲ್ಲಿ ಮೊದಲ ಪುಟದ ಸಾಲುಗಳು ಹೀಗಿವೆ (ಅಂಕಿಗಳು ಆಯಾಮಗಳು). ತೂಕ 2ರಲ್ಲಿ 4 → 2, ಗೈಸಿನ್ ಮ್ಯಾಪ್ (ಗಡಿಯ ಕೊಹೊಮಾಲಜಿಯನ್ನು ಇಡೀ ಸಮತಲದ್ದಕ್ಕೆ ಒಯ್ಯುವುದು) ಸರ್ಜೆಕ್ಟಿವ್, ಕರ್ನಲ್ (ಶೂನ್ಯಕ್ಕೆ ಹೋಗುವ ಭಾಗ) 2. ತೂಕ 4ರಲ್ಲಿ 3 → 4 → 1, ಪೂರ್ತಿ ಎಕ್ಸಾಕ್ಟ್, ಅಂದರೆ ಇಲ್ಲಿಂದ ಏನೂ ಉಳಿಯುವುದಿಲ್ಲ. ಎರಡನೇ ಪುಟದಲ್ಲೇ ಡಿಜೆನರೇಟ್ ಆಗುವುದರಿಂದ (ಮುಂದಿನ ಪುಟಗಳಲ್ಲಿ ಏನೂ ಬದಲಾಗದ್ದರಿಂದ) ಕೆಲಸ ಅಲ್ಲಿಗೆ ಮುಗಿಯಿತು: ಬೆಟ್ಟಿ ಸಂಖ್ಯೆಗಳು (ಕೊಹೊಮಾಲಜಿಯ ಆಯಾಮಗಳು) 1, 2, 0.

ಚಿಹ್ನೆಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗಡಿಯ ಘಟಕಗಳಿಗೆ ಮೊದಲೇ ಕ್ರಮ ನಿಗದಿ ಮಾಡಿ, ಪ್ರತಿ ಛೇದನ ಬಿಂದುವನ್ನು ಒಂದು ರೇಖೆಗೆ +1, ಇನ್ನೊಂದಕ್ಕೆ −1 ಎಂದು ಕಳಿಸಬೇಕು. ಎರಡಕ್ಕೂ +1 ಹಾಕಿದರೆ 3 → 4 → 1ರ ಸಂಯೋಜನೆ ಶೂನ್ಯದ ಬದಲು 2 ಕೊಡುತ್ತದೆ, ಅದು ಕಾಂಪ್ಲೆಕ್ಸೇ ಅಲ್ಲ.

ತಾಳೆ ನೋಡಲು ಸುಲಭದ ದಾರಿ: ಯು ಎಂದರೆ ಮೂರು ಬಿಂದು ಕಳೆದ ಪ್ರೊಜೆಕ್ಟಿವ್ ರೇಖೆ ಗುಣಿಸು ಅಫೈನ್ ರೇಖೆ. ಮೊದಲ ಕೊಹೊಮಾಲಜಿಯ ಎರಡು ವರ್ಗಗಳೂ ರೇಖಾ ಸಮೀಕರಣಗಳ ಅನುಪಾತದ ಲಾಗ್ ಡಿಫರೆನ್ಷಿಯಲ್‌ಗಳು, ಎರಡೂ ಹಾಜ್ ವಿಂಗಡಣೆಯಲ್ಲಿ (1,1) ಬಗೆಯವು.