ಪದಚರ್ಚೆ: ದೋಣಿಯ ಮೋಟರ್ ‘ಪರ್ಯಾಯ’ವೋ, ‘ನೇರ’ವೋ?

ಆತ್ಮೀಯರೇ,

ವಿದ್ಯುತ್ ದೋಣಿಗಳ ಬಗ್ಗೆ ಲೇಖನ ಬರೆಯಲು ಕುಳಿತವನು ಎರಡನೆಯ ಪ್ಯಾರಾದಲ್ಲೇ ಸಿಕ್ಕಿಬಿದ್ದಿದ್ದೇನೆ. ಕೇರಳದ ವೈಕಂ–ತವಣಕ್ಕಡವು ನಡುವೆ 2017ರ ಜನವರಿಯಲ್ಲಿ ಓಡಾಟ ಆರಂಭಿಸಿದ, 75 ಜನ ಹಿಡಿಸುವ ಸೌರದೋಣಿ ‘ಆದಿತ್ಯ’ದಿಂದ ಲೇಖನ ಶುರುವಾಗುತ್ತದೆ. ಅಲ್ಲಿಯವರೆಗೆ ಸಲೀಸು. ದೋಣಿಗೆ ಎಸಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಿನ) ಮೋಟರ್ ಒಳ್ಳೆಯದೋ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ಮೋಟರೋ ಎಂಬಲ್ಲಿಗೆ ಬರುತ್ತಲೇ ಪದಗಳು ಕೈಕೊಟ್ಟವು.

ನಮ್ಮ ಪತ್ರಿಕೆಗಳಲ್ಲಿ ಎಸಿ ಎಂದರೆ ಉಪವಿಭಾಗಾಧಿಕಾರಿ, ಡಿಸಿ ಎಂದರೆ ಜಿಲ್ಲಾಧಿಕಾರಿ. ಅವರನ್ನು ದಡದಲ್ಲೇ ಬಿಟ್ಟರೂ, ‘ಎಸಿ ದೋಣಿ’ ಎಂದೊಡನೆ ಓದುಗರಿಗೆ ತಣ್ಣಗೆ ಕುಳಿತು ಹೋಗುವ ದೋಣಿಯೇ ನೆನಪಾಗುತ್ತದೆ. ಕೊಚ್ಚಿಯ ವಾಟರ್ ಮೆಟ್ರೊ ದೋಣಿಗಳು ಆ ಅರ್ಥದಲ್ಲಿಯೂ ಎಸಿಯೇ!

ಎಸಿಗೆ ಪಠ್ಯಪುಸ್ತಕ ಕೊಡುವ ‘ಪರ್ಯಾಯ ವಿದ್ಯುತ್’ ಎಂಬ ಹೆಸರು ಇನ್ನೂ ತೊಡಕಿನದು. ಪರ್ಯಾಯ ಎಂದರೆ ಸರದಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಮಠದಿಂದ ಮಠಕ್ಕೆ ಹೋಗುವಾಗ ಆ ಅರ್ಥ ಇಂದಿಗೂ ಜೀವಂತ. ಆದರೆ ‘ಪರ್ಯಾಯ ಮಾರ್ಗ’, ‘ಪರ್ಯಾಯ ವ್ಯವಸ್ಥೆ’ಗಳು ಬಳಕೆಗೆ ಬಂದಮೇಲೆ, ‘ಪರ್ಯಾಯ ವಿದ್ಯುತ್’ ಎಂದರೆ ಬಹುತೇಕರಿಗೆ ಸೌರ ವಿದ್ಯುತ್ತೇ. ಸೌರಫಲಕ ಕೊಡುವುದಾದರೋ ನೇರ ವಿದ್ಯುತ್ತನ್ನು, ಅಂದರೆ ಡಿಸಿಯನ್ನು! ಜನರ ಪರ್ಯಾಯ ಪಠ್ಯಪುಸ್ತಕದಲ್ಲಿ ಪರ್ಯಾಯವೇ ಅಲ್ಲ.

ನನ್ನ ನಿಜವಾದ ತಕರಾರು ಬೇರೆ. ಎಸಿ–ಡಿಸಿ ಎಂಬ ವಿಂಗಡಣೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಬ್ಯಾಟರಿಯಿಂದ ಹೊರಡುವುದು ನೇರ ವಿದ್ಯುತ್. ಆದರೆ ಮೋಟರ್ ತಿರುಗುತ್ತಲೇ ಇರಬೇಕಾದರೆ ಸುರುಳಿಯಲ್ಲಿ ಹರಿಯುವ ವಿದ್ಯುತ್ತಿನ ದಿಕ್ಕನ್ನು ಯಾರಾದರೂ ಹೊರಳಿಸುತ್ತಿರಬೇಕು. ಹಳೆಯ ಡಿಸಿ ಮೋಟರಿನಲ್ಲಿ ಈ ಕೆಲಸ ಒಳಗೆ ತಿರುಗುವ ಕಮ್ಯುಟೇಟರ್ ಎಂಬ ತಾಮ್ರದ ಬಿಲ್ಲೆಗಳ ಉಂಗುರ ಮತ್ತು ಅದಕ್ಕೆ ಒತ್ತಿಕೊಂಡಿರುವ ಬ್ರಷ್ಷಿನದು; ಮಿಕ್ಸಿ ರಿಪೇರಿಯವರು ‘ಕಾರ್ಬನ್ ಹೋಗಿದೆ’ ಎನ್ನುತ್ತಾರಲ್ಲ, ಅದೇ. ಎಸಿ ಮೋಟರಿಗೆ ಈ ಕೆಲಸವನ್ನು ಹೊರಗಿನ ಇನ್ವರ್ಟರ್ ಮಾಡಿಕೊಡುತ್ತದೆ. ಈಗ ಫ್ಯಾನುಗಳಿಂದ ಮನೆಮಾತಾಗಿರುವ ಬಿಎಲ್‌ಡಿಸಿಯಲ್ಲೂ (ಬ್ರಷ್‌ಲೆಸ್ ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ) ಅಷ್ಟೇ: ಹೆಸರಿನಲ್ಲಿ ಡಿಸಿ, ಸುರುಳಿಯಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್. ಇದನ್ನು ‘ನೇರ ವಿದ್ಯುತ್ ಮೋಟರ್’ ಎಂದು ಅನುವಾದಿಸಿದರೆ ಸುಳ್ಳು ಹೇಳಿದಂತೆ.

ದೋಣಿಯವನಿಗೆ ಬೇಕಾದ ಭೇದವೂ ಇದೇ. ಬ್ರಷ್ ಸವೆಯುತ್ತದೆ, ಪುಡಿ ಉದುರಿಸುತ್ತದೆ, ಕಿಡಿ ಹಾರಿಸುತ್ತದೆ. ಪೆಟ್ರೋಲ್ ಆವಿಯೋ, ಚಾರ್ಜ್ ಆಗುತ್ತಿರುವ ಸೀಸದ ಬ್ಯಾಟರಿಯ ಹೈಡ್ರೋಜನ್ನೋ ತುಂಬಿದ ಒಡಲಿನಲ್ಲಿ ಆ ಕಿಡಿ ಅಪಾಯಕಾರಿ. ಬ್ರಷ್ ಇಲ್ಲದ ಮೋಟರನ್ನು ಉಪ್ಪುನೀರು ತಾಗದಂತೆ ಪೂರ್ತಿ ಮುಚ್ಚಿಡುವುದು ಸುಲಭ. ಕೆರೆಯಲ್ಲಿ ಮೀನು ಹಿಡಿಯುವ ಚಿಕ್ಕ ದೋಣಿಗೆ ಅಗ್ಗದ, ಸರಳ ಬ್ರಷ್ ಮೋಟರ್ ಸಾಕಾದೀತು. ದಿನವಿಡೀ ಜನರನ್ನು ದಾಟಿಸುವ ದೋಣಿಗೆ ನಾನಂತೂ ಅದನ್ನು ಸೂಚಿಸಲಾರೆ.

ಹಾಗಾಗಿ ಎಸಿ, ಡಿಸಿ ಎರಡನ್ನೂ ಕೈಬಿಟ್ಟು ರಿಪೇರಿಯವರ ಮಾತನ್ನೇ ಹಿಡಿದು ‘ಕಾರ್ಬನ್‌ರಹಿತ ಮೋಟರ್’ ಎಂದು ಬರೆದೆ. ಕರಡು ಓದಿದ ಮಗಳು, “ಹೊಗೆ ಉಗುಳದ ಮೋಟರ್ ತಾನೇ ಅಪ್ಪಾ?” ಎಂದಳು.

‘ಬ್ರಷ್ ಇಲ್ಲದ ಮೋಟರ್’ ಎಂದೇ ಬರೆಯಲೇ? ಎಸಿಗೆ ‘ಹೊರಳು ವಿದ್ಯುತ್’ ಎಂದರೆ ಕಿವಿಗೆ ಒಗ್ಗುತ್ತದೆಯೇ? ಪಂಪ್‌ಸೆಟ್ ವೈಂಡಿಂಗ್ ಅಂಗಡಿಗಳಲ್ಲಿ ಬೇರೆ ಮಾತು ಕೇಳಿದವರಿದ್ದರೆ, ಯಾವ ಊರಿನದೆಂಬುದನ್ನೂ ಸೇರಿಸಿ ತಿಳಿಸಿ.