ಯೂನಿವರ್ಸಿಟಿ ಡಿನ್ನರ್‌ಗೆ ಪಂಚೆ ಉಡಬಹುದಾ? ನಮ್ಮ ಕಡೆಯವರು ಸ್ವಲ್ಪ ಹೇಳಿ

ಸೋಂದಾ ಹುಡುಗ:

ಎಲ್ಲರಿಗೂ ನಮಸ್ಕಾರ. ಶಿರಸಿಯ ಫಾರೆಸ್ಟ್ರಿ ಕಾಲೇಜಿನಲ್ಲಿ ಓದಿ, ಈಗ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ನವೆಂಬರ್ ಕೊನೆಗೆ ನಮ್ಮ ವಿಭಾಗದ ಡಿನ್ನರ್ ಇದೆ. ಹಳೇ ಕಲ್ಲಿನ ಕಟ್ಟಡ, ಪ್ರೊಫೆಸರ್‌ಗಳ ಜೊತೆ ಊಟ, ಆಮೇಲೆ ಕೇಯ್ಲಿ ಅಂತ ಇಲ್ಲಿಯವರ ಜಾನಪದ ಕುಣಿತ. ಕುಣಿತಕ್ಕೆ ಎಲ್ಲರೂ ಇಳಿಯಲೇಬೇಕಂತೆ. ಬಟ್ಟೆಯ ಬಗ್ಗೆ ಆಮಂತ್ರಣದಲ್ಲಿ ಒಂದೇ ಸಾಲು: ಬ್ಲ್ಯಾಕ್ ಟೈ, ಹೈಲ್ಯಾಂಡ್ ಡ್ರೆಸ್ ಅಥವಾ ನ್ಯಾಷನಲ್ ಡ್ರೆಸ್.

ನನ್ನ ಹತ್ತಿರ ಇರುವುದು ಒಂದು ನೀಲಿ ಬ್ಲೇಜರ್. ಅಕ್ಕನ ಮದುವೆಗೆ ಹುಬ್ಬಳ್ಳಿಯಲ್ಲಿ ತೆಗೆದದ್ದು. ಶಿರಸಿ ಮಳೆಗಾಲದಲ್ಲಿ ಕಪಾಟಿನೊಳಗೆ ಇಟ್ಟ ಕೋಟಿನ ಗತಿ ನಿಮಗೆ ಹೇಳಬೇಕಾಗಿಲ್ಲ. ಕಾಲರಿನ ಬೂಷ್ಟು ಒರೆಸಿ ತಂದಿದ್ದೇನೆ. ಆದರೆ ಹೀಟರ್ ಹತ್ತಿರ ಕೂತರೆ ಈಗಲೂ ಆಷಾಢದ ವಾಸನೆ ಬರುತ್ತದೆ.

ರೂಮಿನವನು ಬಾಡಿಗೆಗೆ ಡಿನ್ನರ್ ಜಾಕೆಟ್ ತರೋಣ ಅನ್ನುತ್ತಾನೆ. ಆಯಿ ಫೋನಿನಲ್ಲಿ, "ಬಾಡಿಗೆ ಕೋಟು ಎಂತಕ್ಕೆ ತಮಾ, ಪಟ್ಟೆಮಡಿ ಕಳಿಸಲಾ?" ಅಂದಳು. ಪೂಜೆಗೆ ಉಡುವ ರೇಷ್ಮೆ ಪಂಚೆ ಅದು. ನಿಜ ಹೇಳಬೇಕೆಂದರೆ ನನಗೂ ಪಂಚೆಯ ಮೇಲೇ ಮನಸ್ಸು. ಮನೆಯಲ್ಲಿ ಅಜ್ಜನ ಒಂದು ಫೋಟೊ ಇದೆ. ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಅಂದರೆ 1956ಕ್ಕೆ ಮೊದಲು, ಅವರು ಕನ್ನಡ ಶಾಲೆ ಮಾಸ್ತರ್ ಆಗಿದ್ದರು. ಕಚ್ಚೆ ಪಂಚೆ, ಕುತ್ತಿಗೆಯ ತನಕ ಗುಂಡಿ ಹಾಕಿದ ಕರಿ ಕೋಟು. ಇನ್ಸ್‌ಪೆಕ್ಟರ್ ಬಂದರೂ ಅದೇ, ಮದುವೆ ಮನೆಗೂ ಅದೇ. ಅದಕ್ಕಿಂತ ಫಾರ್ಮಲ್ ಬಟ್ಟೆ ನಾನಂತೂ ಕಂಡಿಲ್ಲ.

ಆದರೆ ಅಜ್ಜ ಕೇಯ್ಲಿ ಕುಣಿಯಲಿಲ್ಲವಲ್ಲ. ಚಳಿ ಹೇಗೆ ತಡೆಯುವುದು, ಕುಣಿಯುವಾಗ ಬಿಚ್ಚಿದರೆ ಏನು ಗತಿ? ಶಾಲು ಬೇಕಾ ಬೇಡವಾ? ಫ್ಯಾನ್ಸಿ ಡ್ರೆಸ್‌ಗೆ ಬಂದವನ ಹಾಗೆ ಮಾತ್ರ ಕಾಣಬಾರದು. ನನ್ನ ಗೈಡ್ ಕೂಡ ಅದೇ ಮೇಜಿಗೆ ಇರುತ್ತಾರೆ.

ಕೋಡಿಬಾಗದವ:

ತಮ್ಮಾ, ನಾನು ಕಾರವಾರದವ, ಈಗ ಮ್ಯಾಂಚೆಸ್ಟರ್. ಸುಮ್ನೆ ಜಾಕೆಟ್ ಬಾಡಿಗೆಗೆ ತಗೊ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ನೀಲಿ ಬ್ಲೇಜರ್ ನಡೆಯುವುದಿಲ್ಲ. ಬ್ಲ್ಯಾಕ್ ಟೈ ಅಂದರೆ ಕರಿ ಡಿನ್ನರ್ ಜಾಕೆಟ್, ಅದರ ಕಾಲರ್ ಪಟ್ಟಿಗೆ ಸ್ಯಾಟಿನ್, ಬಿಳಿ ಅಂಗಿ, ಕರಿ ಬೋ ಟೈ, ಕರಿ ಶೂ. ಆಫೀಸಿಗೆ ಕಟ್ಟುವ ಉದ್ದ ಟೈ ಅಲ್ಲ. ಕಂದು ಶೂ ಹಾಕಿದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ನೋಡುತ್ತಾರೆ.

ಪಂಚೆ ಬೇಡ ಅನ್ನುವುದಿಲ್ಲ. ಆದರೆ ಉಟ್ಟರೆ ರಾತ್ರಿಯಿಡೀ ನೀನೇ ಮಾಹಿತಿ ಕೇಂದ್ರ. ಇದೇನು, ಹೇಗೆ ನಿಲ್ಲುತ್ತದೆ, ಹೊಲಿಗೆ ಇಲ್ಲವಾ, ಊರಲ್ಲಿ ದಿನಾ ಇದೇ ಹಾಕುತ್ತೀರಾ. ಸೂಪ್ ತಣ್ಣಗಾಗುತ್ತದೆ. ನಾಲ್ಕು ಜನರ ನಡುವೆ ಕರಗಿ ಹೋಗುವುದರಲ್ಲೂ ಒಂದು ಸುಖ ಇದೆ, ಅಲ್ವಾ?

ಅಘನಾಶಿನಿ:

ಕೋಡಿಬಾಗದವರೇ, ಅದು ಮ್ಯಾಂಚೆಸ್ಟರಿನ ಮಾತಾಯಿತು. ಸ್ಕಾಟ್ಲೆಂಡಿನ ಲೆಕ್ಕ ಬೇರೆ. ನಾನು ಕುಮಟಾದವಳು, ಗ್ಲಾಸ್ಗೋದಲ್ಲಿ ಇದ್ದೆ. ಅಲ್ಲಿ ಇಂಥ ಡಿನ್ನರ್‌ಗೆ ಊರಿನ ಗಂಡಸರೇ ಕಿಲ್ಟ್ ಅಂತ ಮೊಣಕಾಲಿನ ತನಕದ ನೆರಿಗೆ ಲಂಗ ಉಟ್ಟು ಬರುತ್ತಾರೆ. ನಿನ್ನ ಆಮಂತ್ರಣದ ಹೈಲ್ಯಾಂಡ್ ಡ್ರೆಸ್ ಅಂದರೆ ಅದೇ. ಒಳ್ಳೆ ಕಿಲ್ಟ್‌ಗೆ ಎಂಟು ಗಜದವರೆಗೆ ಉಣ್ಣೆ ಬಟ್ಟೆ, ಹಿಂದೆಲ್ಲ ನೆರಿಗೆ, ಮೇಲೆ ಗಿಡ್ಡ ಕರಿ ಕೋಟು, ಬೋ ಟೈ. ಕಿಸೆ ಇಲ್ಲದ್ದಕ್ಕೆ ಸೊಂಟದ ಮುಂದೆ ಚರ್ಮದ ಚೀಲ ತೂಗು ಹಾಕಿಕೊಳ್ಳುತ್ತಾರೆ. ನೆರಿಗೆ ಸರಿಮಾಡಿಕೊಂಡು ಕೂರುವ ಗಂಡಸರು ಅಲ್ಲಿ ಮೇಜಿಗೆ ಇಬ್ಬರು ಮೂವರು ಸಿಗುತ್ತಾರೆ. ಅವರ ನಡುವೆ ಪಂಚೆ ಉಟ್ಟವನು ವಿಚಿತ್ರ ಪ್ರಾಣಿ ಆಗುವುದಿಲ್ಲ. ಪ್ರಶ್ನೆ ಕೇಳಿದರೆ ನೀನೂ ತಿರುಗಿ ಅವನ ಕಿಲ್ಟ್ ಬಗ್ಗೆ ಕೇಳು. ಯಾವ ಮನೆತನದ ಚೌಕಳಿ, ಅಜ್ಜನದ್ದಾ ಹೊಸದಾ ಅಂತ. ಆಮೇಲೆ ನಿನಗೆ ಮಾತಾಡುವ ಕೆಲಸವೇ ಇರುವುದಿಲ್ಲ.

ಫಾರ್ಮಲ್ ಹೌದಾ ಅಂತ ಅನುಮಾನ ಇದ್ದರೆ 2019ರ ನೊಬೆಲ್ ಸಮಾರಂಭದ ಫೋಟೊ ನೋಡು. ಡಿಸೆಂಬರ್ ತಿಂಗಳ ಸ್ಟಾಕ್‌ಹೋಮ್. ಸುತ್ತ ಗಂಡಸರೆಲ್ಲ ಬಾಲದ ಕೋಟು. ನಡುವೆ ಅರ್ಥಶಾಸ್ತ್ರದ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಜರಿಯಂಚಿನ ಧೋತಿ, ಕುತ್ತಿಗೆ ಮುಚ್ಚುವ ಕರಿ ಬಂದ್‌ಗಲಾ. ಜೊತೆಗೇ ಪ್ರಶಸ್ತಿ ಪಡೆದ ಹೆಂಡತಿ ಎಸ್ತರ್ ಡುಫ್ಲೊ ಸೀರೆ. ಅವರನ್ನು ಕಂಡರೆ ವೇಷ ಹಾಕಿದ ಹಾಗೆ ಅನಿಸುತ್ತದಾ? ಇಲ್ಲ. ಯಾಕೆಂದರೆ ಕೋಟು ಮೈಗೆ ಸರಿಯಾಗಿ ಕೂತಿದೆ.

ಚಳಿಗೆ ಒಳಗೆ ಥರ್ಮಲ್ ಪ್ಯಾಂಟ್ ಹಾಕು. ತಿಳಿ ಬಣ್ಣದ್ದೇ ತಗೊ, ಕರಿದು ಬಿಳಿ ಪಂಚೆಯೊಳಗೆ ಎದ್ದು ಕಾಣುತ್ತದೆ. ಹಿಮ್ಮಡಿ ಹತ್ತಿರ ಇಣುಕದ ಹಾಗೆ ಒಂದು ಮಡಿಕೆ ಮೇಲಕ್ಕೆ ಹಾಕು. ನವೆಂಬರ್ ಕೊನೆಗೆ ಅಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ನೀನು ಹೊರಡುವಾಗ ರಸ್ತೆಯ ಕಲ್ಲು ಒದ್ದೆಯಾಗಿ ಜಾರುತ್ತಿರುತ್ತದೆ. ಚಪ್ಪಲಿ ಮರೆತುಬಿಡು, ಕರಿ ಚರ್ಮದ ಶೂ ಹಾಕು. ಪಂಚೆಯ ಅಂಚು ಶೂ ಮೇಲೆ ನಿಲ್ಲಬೇಕು, ನೆಲ ಗುಡಿಸಬಾರದು.

ನೀನು ಸಸ್ಯಾಹಾರಿ ಆದರೆ ಈಗಲೇ ಬರೆದು ತಿಳಿಸು. ಹ್ಯಾಗಿಸ್ ಅಂತ ಬಂದರೆ ಅದು ಕುರಿಯ ಗುಂಡಿಗೆ, ಈಲಿ. ಸಸ್ಯಾಹಾರಿ ಹ್ಯಾಗಿಸ್ಸೂ ಇರುತ್ತದೆ, ಚೆನ್ನಾಗಿಯೇ ಇರುತ್ತದೆ.

ಚೌಕಿಮನೆ:

ಕುಣಿತದ ವಿಷಯ ಬಂತಲ್ಲ, ಹಾಗಾಗಿ ನಾನು. ಹೊನ್ನಾವರದವ, ಯಕ್ಷಗಾನದ ಹವ್ಯಾಸಿ ವೇಷಧಾರಿ. ಗುಣವಂತೆ ನಮ್ಮ ಮನೆಯಿಂದ ದೂರ ಇಲ್ಲ, ಕೆರೆಮನೆ ಮೇಳದ ಆಟ ನೋಡಿಯೇ ಬೆಳೆದದ್ದು. ಕೇಯ್ಲಿ ಕುಣಿತದ ವಿಡಿಯೋ ತೆಗೆದು ನೋಡಿದೆ. ಸ್ಟ್ರಿಪ್ ದ ವಿಲೋ ಅಂತ ಒಂದಿದೆ. ಮೊಣಕೈಗೆ ಮೊಣಕೈ ಸಿಕ್ಕಿಸಿ, ಸಾಲಿನುದ್ದಕ್ಕೂ ಗರಗರ ತಿರುಗಿಸುತ್ತಾರೆ ಮಾರಾಯ. ಇದಕ್ಕೆ ಅಡ್ಡಪಂಚೆ ಖಂಡಿತ ಬೇಡ. ಕಚ್ಚೆಯೇ ಆಗಬೇಕು. ಮತ್ತೆ ಆಯಿಗೆ ಬೇಜಾರಾದರೂ ಪಟ್ಟೆಮಡಿ ಬೇಡ. ರೇಷ್ಮೆ ಜಾರುತ್ತದೆ, ಪೂಜೆಗೆ ಕೂರಲಿಕ್ಕೆ ಸರಿ, ತಿರುಗಲಿಕ್ಕೆ ಅಲ್ಲ. ಜರಿ ಅಂಚಿನ ದಪ್ಪ ಹತ್ತಿ ಪಂಚೆ ತರಿಸು. ನಾಲ್ಕು ಮೊಳದ್ದು ಸಾಲುವುದಿಲ್ಲ, ಎಂಟು ಒಂಬತ್ತು ಮೊಳ ಬೇಕು. ಗಂಜಿ ತೆಳ್ಳಗೆ ಹಾಕಿದರೆ ಸಾಕು. ಜಾಸ್ತಿ ಆದರೆ ಕಾಗದದ ಹಾಗೆ ಸದ್ದು ಮಾಡುತ್ತದೆ.

ಉಡುವುದು ಹೀಗೆ. ಪಂಚೆಯ ನಡು ಸರಿಯಾಗಿ ಬೆನ್ನಿಗೆ ಬರಲಿ. ಎರಡು ಕಡೆಯ ಮೇಲಂಚು ಮುಂದೆ ತಂದು ಹೊಕ್ಕುಳಿನ ಕೆಳಗೆ ಗಂಟು ಹಾಕು. ಗಂಟು ಹಾಕುವಾಗ ಹೊಟ್ಟೆ ಒಳಗೆ ಎಳೆದುಕೊ, ಆಮೇಲೆ ಬಿಟ್ಟಾಗ ಅದೇ ಬಿಗಿಯಾಗುತ್ತದೆ. ಎಡಗಡೆಯ ಬಟ್ಟೆಯನ್ನು ಸಣ್ಣ ನೆರಿಗೆ ಹಿಡಿದು, ಕಾಲ ನಡುವಿನಿಂದ ಹಿಂದಕ್ಕೆ ಒಯ್ದು, ಬೆನ್ನಮೂಳೆಯ ಬುಡಕ್ಕೆ ಆಳವಾಗಿ ಸಿಕ್ಕಿಸು. ಉಡಿದಾರ ಇದೆಯಾ? ಇದ್ದರೆ ಅದರೊಳಗೇ ತೂರಿಸು. ಇಲ್ಲದಿದ್ದರೆ ಒಂದು ಹತ್ತಿಯ ಪಟ್ಟಿ ಕಟ್ಟಿಕೊ, ಕೋಟಿನ ಒಳಗೆ ಯಾರಿಗೆ ಕಾಣುತ್ತದೆ? ಬಲಗಡೆಯದ್ದು ಮುಂದೆ ನೆರಿಗೆ ಮಾಡಿ ಸಿಕ್ಕಿಸುವುದು. ಜರಿ ಅಂಚು ಕಾಣಬೇಕಾದದ್ದು ಈ ನೆರಿಗೆಯಲ್ಲಿ. ಇದಕ್ಕೆ ಪುರುಸೊತ್ತು ಇಟ್ಟುಕೊ.

ಉಟ್ಟ ಮೇಲೆ ಕುಕ್ಕರಗಾಲಲ್ಲಿ ಕೂತು ಏಳು. ಕೂತಾಗ ತೊಡೆ ಹತ್ತಿರ ಎಳೆದರೆ ಹಿಂದಿನ ಕಚ್ಚೆಯನ್ನು ನಾಲ್ಕು ಬೆರಳು ಸಡಿಲ ಬಿಡು. ಎದ್ದಾಗ ಜೋತು ಬಿದ್ದರೆ ಬಿಗಿ ಮಾಡು. ಶೂ ಹಾಕಿಕೊಂಡೇ ಅಭ್ಯಾಸ ಮಾಡು, ಬರಿಗಾಲಲ್ಲಿ ಬರುವ ಉದ್ದ ಬೇರೆ. ಎರಡು ಪಿನ್ನು ಇಟ್ಟುಕೊ, ನಾಚಿಕೆ ಏನೂ ಇಲ್ಲ. ಚೌಕಿಯಲ್ಲಿ, ಅಂದರೆ ಆಟಕ್ಕೆ ಮೊದಲು ಬಣ್ಣ ಹಚ್ಚುವ ಜಾಗದಲ್ಲಿ, ನಾವು ಇಡೀ ವೇಷವನ್ನೇ ದಾರ ಹಾಕಿ ಬಿಗಿಯುತ್ತೇವೆ.

ರೆಡಿಮೇಡ್ ವೆಲ್ಕ್ರೋ ಪಂಚೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಚರ್ರ್ ಅಂತ ಸದ್ದು ಬಂದ ಮೇಲೆ ದೇವರೇ ಗತಿ.

ಕರಿ ಇಶಾಡು:

ನಾನು ಅಂಕೋಲೆಯವಳು. ನಮ್ಮ ಹೊನ್ನಳ್ಳಿಯ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ತಗೊಳ್ಳಲು ಹೋದದ್ದು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಕೊರಳು ತುಂಬ ಮಣಿಸರ, ಬರಿಗಾಲು. ಗಿಡ ನೆಡುವಾಗ ಹೇಗೋ ಅಲ್ಲೂ ಹಾಗೆ. ನೀನು ಕಾಡಿನ ಓದು ಓದುವವನು, ನಿನಗೆ ಗೊತ್ತಿರುತ್ತದೆ. ಅಂದಮೇಲೆ ಎಡಿನ್‌ಬರೋ ಮೇಜಿಗೆ ಹೆದರುವುದು ಯಾಕೆ?

ಆದರೆ ಕೋಟಿನ ಬಗ್ಗೆ ಅಘನಾಶಿನಿ ಹೇಳಿದ್ದು ಸರಿ, ಅದರಲ್ಲಿ ಉಳಿತಾಯ ಮಾಡಬೇಡ. ಪಂಚೆಯ ಮೇಲೆ ಹೊಳೆಯುವ ಶೇರ್ವಾನಿ ಹಾಕಿದರೆ ಮದುಮಗ, ಬರೀ ಕುರ್ತಾ ಹಾಕಿದರೆ ಭಾನುವಾರ. ಕರಿ ಬಣ್ಣದ, ಕುತ್ತಿಗೆ ಮುಚ್ಚುವ ಕೋಟೇ ಬೇಕು. ಕಾರವಾರದಲ್ಲಿ ಕ್ರಿಶ್ಚಿಯನ್ ಮದುವೆಗಳ ಸೂಟು ಹೊಲಿದು ಕೈ ಪಳಗಿದ ಟೇಲರ್‌ಗಳಿದ್ದಾರೆ. ನನ್ನ ಅಣ್ಣನ ಕೋಟು ಅಲ್ಲೇ ಹೊಲಿಸಿದ್ದು. ಹೇಳಿ ಹೊಲಿಸಬೇಕಾದ್ದು ಒಂದಿದೆ. ಕಚ್ಚೆ ಸಿಕ್ಕಿಸಿದ ಕಡೆ ಹಿಂದೆ ಬಟ್ಟೆ ಉಬ್ಬುತ್ತದೆ. ಪ್ಯಾಂಟಿನ ಲೆಕ್ಕದಲ್ಲಿ ಕತ್ತರಿಸಿದ ಕೋಟು ಅಲ್ಲಿ ಎತ್ತಿಕೊಂಡು ಬಾತುಕೋಳಿ ಬಾಲ ಆಗುತ್ತದೆ. ಎರಡೂ ಬದಿಗೆ ಸೀಳು ಇಡಿಸು, ಉದ್ದ ಎರಡು ಇಂಚು ಜಾಸ್ತಿ ಇರಲಿ. ಒಳಗಡೆ ಆಳದ ಕಿಸೆ, ಫೋನು, ಕೀಲಿ ಎಲ್ಲ ಅಲ್ಲೇ ಹೋಗಬೇಕಲ್ಲ. ಶಾಲು ಬೇಡ. ಊಟದಲ್ಲಿ ತಟ್ಟೆಗೆ ಬೀಳುತ್ತದೆ, ಕುಣಿತದಲ್ಲಿ ಪಕ್ಕದವಳ ಕೈಗೆ ಸಿಗುತ್ತದೆ.

ಕೋಡಿಬಾಗದವ:

ಇಷ್ಟು ಜನ ಸೇರಿದ ಮೇಲೆ ನನ್ನ ಜಾಕೆಟ್ ಸೋತಿತು, ಆಗಲಿ. ಆದರೂ ಒಂದು ಮಾತು. ನ್ಯಾಷನಲ್ ಡ್ರೆಸ್ ಅಂತ ಅವರೇ ಬರೆದಿದ್ದಾರೆ, ಹಾಗಾಗಿ ಬಾಗಿಲಲ್ಲಿ ತಕರಾರು ಬರುವುದಿಲ್ಲ. ನಮ್ಮ ದೇಶದ್ದೇ ಕತೆ ನೋಡಿ. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬು ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಇದನ್ನು ತಡೆಯಲು ಕಾನೂನೇ ತರಬೇಕಾಯಿತು. ಬಿಳಿಯರ ಊರಲ್ಲಿ ಪಂಚೆಗೆ ಜಾಗ, ನಮ್ಮ ಊರಲ್ಲಿ ಜಗಳ!

ಸೋಂದಾ ಹುಡುಗ:

ಎಲ್ಲರಿಗೂ ಧನ್ಯವಾದ. ಹಾಸ್ಟೆಲ್ ರೂಮಿನಲ್ಲಿ ಬೆಡ್‌ಶೀಟ್ ಕಚ್ಚೆ ಹಾಕಿ ಕುಕ್ಕರಗಾಲಲ್ಲಿ ಕೂತು ಎದ್ದೆ, ನಿಂತಿತು. ರೂಮಿನವನಿಗೂ ಈಗ ಒಂದು ಬೇಕಂತೆ. ಪಂಚೆ ಆಯಿ ಶಿರಸಿಯಲ್ಲೇ ತೆಗೆಯುತ್ತಾಳೆ. ಪಟ್ಟೆಮಡಿ ಬೇಡ ಅಂದದ್ದಕ್ಕೆ ಸ್ವಲ್ಪ ಮುನಿಸು. ಕರಿ ಇಶಾಡು ಅಕ್ಕಾ, ಆ ಕಾರವಾರದ ಟೇಲರ್‌ಗೆ ನಾನಿಲ್ಲದೆ ಅಳತೆ ಹೇಗೆ ಕೊಡುವುದು? ಕೋಟು, ಪಂಚೆ ಒಟ್ಟಿಗೆ ಪಾರ್ಸಲ್ ಮಾಡಿಸುವ ಯೋಚನೆ.

ಕರಿ ಇಶಾಡು:

ವಿಡಿಯೋ ಕಾಲ್ ಮಾಡು, ಅವರೇ ಎಲ್ಲಿ ಟೇಪು ಹಿಡಿಯಬೇಕು ಅಂತ ಹೇಳುತ್ತಾರೆ. ನಿನ್ನ ರೂಮಿನವನು ಹಿಡಿಯಲಿ, ನೀನೇ ಅಳೆದುಕೊಂಡರೆ ಭುಜ ತಪ್ಪುತ್ತದೆ. ಅವತ್ತು ಒಳಗೆ ಹಾಕುವ ಬನಿಯನ್, ಅಂಗಿ ಎಲ್ಲ ಹಾಕಿಕೊಂಡೇ ಅಳತೆ ಕೊಡು. ದೀಪಾವಳಿ ಮದುವೆ ಅಂತ ರಾಶಿ ಬೀಳುವುದಕ್ಕೆ ಮೊದಲು ಬಟ್ಟೆ ಕೊಟ್ಟುಬಿಡೋಣ, ನಾನು ಶನಿವಾರ ಕಾರವಾರಕ್ಕೆ ಹೋಗುವವಳಿದ್ದೇನೆ. ನೀನು ನಮ್ಮ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎದ್ದು ಕರೆ ಮಾಡಬೇಕು. ಮಧ್ಯಾಹ್ನ ಬಾಗಿಲು ಎಳೆದು ಮೀನೂಟಕ್ಕೆ ಹೋದರೆ ಮತ್ತೆ ನಾಲ್ಕು ಗಂಟೆಯ ತನಕ ಅವರು ಯಾರ ಫೋನೂ ಎತ್ತುವುದಿಲ್ಲ.