ಮತ್ಸುಯೆ ಮತ್ತು ಇಜುಮೊ: ಅಮ್ಮನ ಜೊತೆ ಮೂರು ರಾತ್ರಿ, ಸಲಹೆ ಬೇಕು

ತುಂಗೆಯ ದಡದವಳು ಕೇಳುತ್ತಾರೆ:

ನವೆಂಬರ್ ಮೊದಲ ವಾರದಲ್ಲಿ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗುತ್ತಿದ್ದೇನೆ. ಒಸಾಕಾದಲ್ಲಿ ನನ್ನ ಕಚೇರಿಯ ಕೆಲಸ ಮುಗಿದ ಮೇಲೆ ಮೂರು ರಾತ್ರಿ ಪೂರ್ತಿ ನಮ್ಮದೇ. ಕ್ಯೋಟೊದ ಜನಜಂಗುಳಿ ಅಮ್ಮನಿಗೆ ಬೇಡ. ಅವರಿಗೆ ಅರವತ್ತೆಂಟು ವರ್ಷ. ಸಮತಟ್ಟಾದ ದಾರಿಯಲ್ಲಿ ಚೆನ್ನಾಗಿ ನಡೆಯುತ್ತಾರೆ, ಆದರೆ ಮಂಡಿನೋವು ಇರುವುದರಿಂದ ನೆಲದ ಮೇಲೆ ಕೂರುವುದೂ ಕಡಿದಾದ ಮೆಟ್ಟಿಲು ಹತ್ತುವುದೂ ಕಷ್ಟ. ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ದೇವಸ್ಥಾನ, ತೋಟ, ಗದ್ದೆ ಎಂದರೆ ಅವರಿಗೆ ಪ್ರಾಣ.

ಭೂಪಟ ನೋಡುತ್ತಿದ್ದಾಗ ಜಪಾನ್ ಸಮುದ್ರದ ಕಡೆಗಿರುವ ಮತ್ಸುಯೆ ಎಂಬ ಊರು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ದೊಡ್ಡ ಸರೋವರ, ಸ್ವಲ್ಪ ದೂರದಲ್ಲಿ ಇಜುಮೊದ ಪ್ರಸಿದ್ಧ ದೇಗುಲ. ಇಲ್ಲಿನ ಪ್ರವಾಸ ಸಂಸ್ಥೆಯವರು ಅದಕ್ಕೆ ಒಂದೇ ದಿನ ಸಾಕು ಎನ್ನುತ್ತಾರೆ. ಅವರ ಪಟ್ಟಿಯ ಪ್ರಕಾರ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಇಜುಮೊ, ರಾತ್ರಿಗೆ ಹಿರೋಷಿಮಾ. ಹಾಗೆ ಮಾಡುವುದು ಸರಿಯೇ? ಅಮ್ಮನ ಊಟಕ್ಕೆ ಏನು ಮಾಡಲಿ?

ಒಕಯಾಮಾ ನಿವಾಸಿ ಉತ್ತರಿಸುತ್ತಾರೆ:

ಒಂದು ದಿನ ಸಾಲುವುದಿಲ್ಲ. ಮೂರೂ ರಾತ್ರಿಯನ್ನು ಮತ್ಸುಯೆಗೇ ಕೊಡಿ ಎಂದು ಒತ್ತಾಯಿಸಿ ಹೇಳುತ್ತೇನೆ. ನಾನು ಒಕಯಾಮಾದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಬಿಡುವು ಸಿಕ್ಕಾಗಲೆಲ್ಲ ಬೆಟ್ಟ ದಾಟಿ ಹೋಗುವುದು ಆ ಊರಿಗೇ. ಕೋಟೆಯನ್ನೂ ದೇಗುಲವನ್ನೂ ಒಂದು ದಿನದಲ್ಲಿ ಮುಗಿಸಬಹುದು ನಿಜ. ಆದರೆ ಆ ಎರಡರ ನಡುವೆ ಹರಡಿರುವ ಸರೋವರ, ಗದ್ದೆ ಬಯಲು, ಸಣ್ಣ ಪೇಟೆಗಳೇ ಆ ಸೀಮೆಯ ಸೊಗಸು. ನಿಮ್ಮ ತಾಯಿಯವರ ಅಭಿರುಚಿ ನೋಡಿದರೆ ಅವರಿಗೆ ಬೇಕಾದದ್ದೂ ಅದೇ.

ಒಸಾಕಾದಿಂದ ಒಕಯಾಮಾಗೆ ಶಿಂಕನ್‌ಸೆನ್ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ‘ಯಾಕುಮೊ’ ಎಂಬ ಎಕ್ಸ್‌ಪ್ರೆಸ್ ಎರಡೂವರೆ ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಮತ್ಸುಯೆ ತಲುಪಿಸುತ್ತದೆ. ನದಿಯ ಜೊತೆಜೊತೆಗೇ ತಿರುವಿ ತಿರುವಿ ಬೆಟ್ಟ ಹತ್ತುವ ದಾರಿ ಅದು. ಹಳೆಯ ಗಾಡಿಯ ಓಲಾಟಕ್ಕೆ ಹಲವರಿಗೆ ಹೊಟ್ಟೆ ತೊಳಸುತ್ತಿತ್ತು. 2024ರಲ್ಲಿ ಬಂದ ಹೊಸ ಗಾಡಿಗಳಲ್ಲಿ ಆ ಕಷ್ಟ ಬಹಳ ಕಡಿಮೆಯಾಗಿದೆ. ಎಲ್ಲ ಆಸನಗಳನ್ನೂ ಮುಂಗಡ ಕಾಯ್ದಿರಿಸಲೇಬೇಕು.

ಊರಿನೊಳಗೆ ಮೊದಲು ಕೋಟೆ. 1611ರಲ್ಲಿ ಪೂರ್ಣಗೊಂಡ ಮರದ ಗೋಪುರ ಇಂದಿಗೂ ನಿಂತಿದೆ. ಜಪಾನಿನಲ್ಲಿ ಹಳೆಯ ಕಾಲದ್ದಾಗಿಯೇ ಉಳಿದಿರುವ ಗೋಪುರಗಳು ಹನ್ನೆರಡೇ, ಅವುಗಳಲ್ಲಿ ಇದೂ ಒಂದು. 1875ರಲ್ಲಿ ಸರ್ಕಾರ ಕೋಟೆಯ ಕಟ್ಟಡಗಳನ್ನೆಲ್ಲ ಹರಾಜು ಹಾಕಿತು. ಗೋಪುರದ ಬೆಲೆ 180 ಯೆನ್. ಆಗ ಸುತ್ತಲಿನ ಹಳ್ಳಿಯ ಒಬ್ಬ ಸಿರಿವಂತ ರೈತರೂ ಹಿಂದಿನ ದೊರೆಯ ಬಳಿ ಚಾಕರಿಯಲ್ಲಿದ್ದ ಒಬ್ಬರು ಸಮುರಾಯಿಯೂ ಮುಂದೆ ಬಂದು ಹಣ ಹೊಂದಿಸಿ ಅದನ್ನು ಉಳಿಸಿಕೊಂಡರು. ಉಳಿದ ಕಟ್ಟಡಗಳೆಲ್ಲ ಹೋದವು. ಆ ಗೋಪುರಕ್ಕೆ 2015ರಲ್ಲಿ ರಾಷ್ಟ್ರೀಯ ನಿಧಿಯ ಮನ್ನಣೆ ಸಿಕ್ಕಿತು. ಒಳಗಿನ ಮೆಟ್ಟಿಲುಗಳು ಬಹಳ ಕಡಿದು, ಬರಿಗಾಲಿನಲ್ಲಿ ಹತ್ತಬೇಕು. ತಾಯಿಯವರು ಕೆಳಗಿನ ಅಂಗಳದಲ್ಲಿ ಕುಳಿತು ನೋಡಿದರೆ ಸಾಕು, ನೀವು ಹತ್ತಿ ಬನ್ನಿ. ಉತ್ತರದ ಕಂದಕದ ದಂಡೆಯಲ್ಲಿ ಸಮುರಾಯಿಗಳ ಹಳೆಯ ಬೀದಿಯಿದೆ, ದಾರಿ ಸಮತಟ್ಟು. ಜಪಾನಿನ ದೆವ್ವದ ಕಥೆಗಳನ್ನು ಇಂಗ್ಲಿಷಿಗೆ ತಂದ ಲಾಫ್ಕಾಡಿಯೊ ಹರ್ನ್ 1891ರಲ್ಲಿ ಬಾಡಿಗೆಗಿದ್ದ ಮನೆ ಅಲ್ಲೇ ಇದೆ. ಕೋಣೆಯ ಮೂರು ದಿಕ್ಕಿಗೂ ತೋಟ ಕಾಣುವ ಪುಟ್ಟ ಮನೆ. ಅಲ್ಲಿ ಆತುರಪಡಬೇಡಿ.

ಸಂಜೆ ಐದು ಗಂಟೆಗೆ ಸ್ವಲ್ಪ ಮೊದಲೇ ಶಿಂಜಿ ಸರೋವರದ ಪೂರ್ವದಂಡೆಯಲ್ಲಿರಿ. ಪೈನ್ ಮರಗಳಿರುವ ಒಂದು ಪುಟ್ಟ ದ್ವೀಪದ ಬಳಿ ಸೂರ್ಯ ಮುಳುಗುತ್ತಾನೆ, ಊರಿನವರೂ ಕೆಲಸ ಮುಗಿಸಿ ನೋಡಲು ಬರುತ್ತಾರೆ. ಚಳಿಯೆನಿಸಿದರೆ ದಂಡೆಯಲ್ಲೇ ಇರುವ ಶಿಮಾನೆ ಕಲಾ ಸಂಗ್ರಹಾಲಯದ ಗಾಜಿನ ಗೋಡೆಯ ಹಿಂದೆ ಕುರ್ಚಿಯಲ್ಲಿ ಕುಳಿತು ನೋಡಬಹುದು (ಮಂಗಳವಾರ ರಜೆ). ಬೆಳಗಿನ ಹೊತ್ತಿನಲ್ಲಿ ಇದೇ ನೀರಿನಲ್ಲಿ ಮೀನುಗಾರರು ದೋಣಿಯಲ್ಲಿ ನಿಂತು, ಉದ್ದ ಹಿಡಿಯ ಕುಕ್ಕೆಯಿಂದ ‘ಶಿಜಿಮಿ’ ಎಂಬ ಪುಟ್ಟ ಕಪ್ಪೆಚಿಪ್ಪುಗಳನ್ನು ಬಾಚುತ್ತಾರೆ. ಸಿಹಿನೀರಿಗೆ ಸಮುದ್ರದ ಉಪ್ಪು ಬೆರೆಯುವುದರಿಂದಲೇ ಅವು ಅಲ್ಲಿ ಬೆಳೆಯುತ್ತವೆ. ಕೃಷಿಗಾಗಿ ಸಮುದ್ರದ ನೀರನ್ನು ತಡೆದು ಇಡೀ ಸರೋವರವನ್ನು ಸಿಹಿನೀರು ಮಾಡುವ ಯೋಜನೆಯೊಂದಿತ್ತು. ಜನ ಪಟ್ಟು ಹಿಡಿದು ವಿರೋಧಿಸಿದ್ದರಿಂದ 1988ರಲ್ಲಿ ಅದು ನಿಂತಿತು, 2002ರಲ್ಲಿ ಪೂರ್ತಿ ಕೈಬಿಟ್ಟರು. ಆ ದೋಣಿಗಳನ್ನು ನೋಡುವಾಗ ಇದನ್ನು ತಾಯಿಯವರಿಗೆ ಹೇಳಿ.

ಇಜುಮೊಗೆ ಹೋಗುವ ದಿನ ಜಪಾನಿನ ಮುಖ್ಯ ರೈಲು ಜಾಲವಾದ ಜೆಆರ್‌ನ ರೈಲು ಹಿಡಿಯಬೇಡಿ. ಮತ್ಸುಯೆ ಶಿಂಜಿಕೊ ಒನ್‌ಸೆನ್ ನಿಲ್ದಾಣದಿಂದ ಇಚಿಬಾತಾ ಕಂಪನಿಯ ಚಿಕ್ಕ ವಿದ್ಯುತ್ ರೈಲು ಹೊರಡುತ್ತದೆ. ಸರೋವರದ ಉತ್ತರ ದಂಡೆಯನ್ನೇ ಹಿಡಿದು, ಎಲ್ಲ ಹಳ್ಳಿಗಳಲ್ಲೂ ನಿಂತು, ಸುಮಾರು ಒಂದು ಗಂಟೆಯಲ್ಲಿ ಇಜುಮೊ ತಲುಪುತ್ತದೆ. ಎಡಗಡೆಯ ಕಿಟಕಿ ಹಿಡಿಯಿರಿ. ಇಚಿಬಾತಾಗುಚಿಯಲ್ಲಿ ರೈಲು ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ, ಗಾಬರಿಯಾಗಬೇಡಿ, ಅಲ್ಲಿ ಹಳಿ ಇರುವುದೇ ಹಾಗೆ. ಕಾವಾತೊದಲ್ಲಿ ಸಾಮಾನ್ಯವಾಗಿ ಗಾಡಿ ಬದಲಿಸಬೇಕು.

ಸರೋವರ ಮುಗಿದ ಮೇಲೆ ಇಜುಮೊ ಬಯಲು ತೆರೆದುಕೊಳ್ಳುತ್ತದೆ. ನಾನು ನಿಮ್ಮನ್ನು ಕಳಿಸಬೇಕೆಂದಿರುವುದು ಇಲ್ಲಿಗೇ. ಗದ್ದೆಗಳ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ತೋಟದ ಮನೆ. ಪ್ರತಿ ಮನೆಯ ಪಶ್ಚಿಮಕ್ಕೂ ಉತ್ತರಕ್ಕೂ ಕಪ್ಪು ಪೈನ್ ಮರಗಳ ಎತ್ತರದ ಬೇಲಿ, ಗೋಡೆಯಂತೆ ಚೌಕಾಕಾರಕ್ಕೆ ಕತ್ತರಿಸಿರುತ್ತಾರೆ. ಹೆಸರು ‘ತ್ಸುಯಿಜಿಮಾತ್ಸು’. ಹೀಯಿ ನದಿಯ ನೆರೆಯಿಂದ ಮನೆಯ ಸುತ್ತಲಿನ ಮಣ್ಣು ಕೊಚ್ಚಿಹೋಗದಿರಲೆಂದೂ ಚಳಿಗಾಲದ ವಾಯವ್ಯ ಗಾಳಿಯನ್ನು ತಡೆಯಲೆಂದೂ ಬೆಳೆಸಿದ ಮರಗಳು. ಪೈನ್ ಮರಕ್ಕೆ ತಗಲುವ ರೋಗದಿಂದಲೂ ಅಷ್ಟೆತ್ತರ ಹತ್ತಿ ಸವರುವ ಕಸುಬುದಾರರು ಕಡಿಮೆಯಾಗುತ್ತಿರುವುದರಿಂದಲೂ ಇವು ಇಲ್ಲವಾಗುತ್ತಿವೆ. ಇರುವಾಗಲೇ ನೋಡಿ ಬನ್ನಿ. ನವೆಂಬರ್ ಹೊತ್ತಿಗೆ ಕೊಯ್ಲಾದ ಆ ಗದ್ದೆಗಳಲ್ಲಿ ಉತ್ತರದಿಂದ ಬಂದ ಹಂಸಗಳು ಕಾಳು ಹೆಕ್ಕುತ್ತಿರುತ್ತವೆ.

ಹಿಂತಿರುಗುವಾಗ ಉನ್‌ಶೂ-ಹಿರಾತಾದಲ್ಲಿ ಇಳಿಯಿರಿ. ಒಂದು ಕಾಲದಲ್ಲಿ ಹತ್ತಿಬಟ್ಟೆಯ ವ್ಯಾಪಾರದಿಂದ ಬೆಳೆದ ಪೇಟೆ. ಕಾಲುವೆಗೆ ಬೆನ್ನು ಮಾಡಿ ನಿಂತ ವರ್ತಕರ ಮನೆಗಳು, ಸೋಯಾ ಸಾಸ್ ತಯಾರಿಸುವ ಹಳೆಯ ಅಂಗಡಿಗಳು, ಶುಂಠಿ ಮತ್ತು ಸಕ್ಕರೆಯಿಂದ ಮಾಡುವ ಮಿಠಾಯಿ. ನಿಧಾನವಾಗಿ ಒಂದು ಗಂಟೆ ನಡೆಯಬಹುದು.

ಸಸ್ಯಾಹಾರಿ, ಒಸಾಕಾ:

ಊಟದ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ದಿನವೂ ಎದುರಿಸುವುದು ಇದನ್ನೇ. ಕಣ್ಣಿಗೆ ಕಾಣುವ ಮೀನನ್ನು ತಪ್ಪಿಸುವುದು ಸುಲಭ, ಸಾರಿನಲ್ಲಿ ಕರಗಿರುವುದನ್ನು ತಪ್ಪಿಸುವುದೇ ಕಷ್ಟ. ‘ದಾಶಿ’ ಎಂಬ ಸಾರನ್ನು ಬಹುಪಾಲು ಒಣ ಮೀನಿನ ಚಕ್ಕೆಯಿಂದ ಇಳಿಸುತ್ತಾರೆ. ಮಿಸೊ ಸೂಪ್, ಬೇಯಿಸಿದ ತರಕಾರಿ, ಸೋಬಾ ಶಾವಿಗೆಯ ರಸ ಎಲ್ಲದರಲ್ಲೂ ಅದು ಇರುತ್ತದೆ. ಮತ್ಸುಯೆಯಲ್ಲಿ ಮಿಸೊ ಸೂಪಿಗೆ ಶಿಜಿಮಿ ಬೇರೆ ಹಾಕುತ್ತಾರೆ. ಒಂದು ಹೋಟೆಲಿನಲ್ಲಿ ನಾನು ಕೇಳಿ ಖಚಿತಪಡಿಸಿಕೊಂಡು ತರಿಸಿದ ತೋಫುವಿನ ಮೇಲೂ ಮೀನಿನ ಚಕ್ಕೆ ಉದುರಿಸಿಯೇ ತಂದಿಟ್ಟರು. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಮೀನು, ಮೀನಿನ ದಾಶಿ, ಕಪ್ಪೆಚಿಪ್ಪು, ಮಾಂಸ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಜಪಾನಿ ಲಿಪಿಯಲ್ಲಿ ಅಚ್ಚು ಹಾಕಿಸಿದ ಚೀಟಿ ಇಟ್ಟುಕೊಳ್ಳಿ.

ಇಜುಮೊ ಸೋಬಾವನ್ನು ಒಂದರ ಮೇಲೊಂದು ಜೋಡಿಸಿದ ದುಂಡು ಬಟ್ಟಲುಗಳಲ್ಲಿ ಕೊಡುತ್ತಾರೆ, ರಸವನ್ನು ಮೇಲೆ ಸುರಿದುಕೊಳ್ಳಬೇಕು. ಆ ರಸ ಬಿಟ್ಟು, ಸೋಯಾ ಸಾಸ್‌ನ ಪುಟ್ಟ ಶೀಶೆಯೊಂದನ್ನು ನೀವೇ ಒಯ್ದರೆ ಅಮ್ಮನವರೂ ತಿನ್ನಬಹುದು. ಕೊಳ್ಳುವಾಗ ದಾಶಿ ಸೇರಿಸಿದ ಸಾಸ್ ಅಲ್ಲವೆಂದು ನೋಡಿಕೊಳ್ಳಿ.

ಆದರೆ ಸಿಹಿಯ ವಿಷಯದಲ್ಲಿ ಈ ಊರು ಕೈಬಿಡುವುದಿಲ್ಲ. ಹದಿನೆಂಟನೆಯ ಶತಮಾನದ ದೊರೆ ಮತ್ಸುದೈರಾ ಫುಮೈ ಚಹಾದ ಮಹಾ ರಸಿಕ. ಅವರ ಕಾಲದಿಂದ ಇಲ್ಲಿ ಚಹಾದೊಂದಿಗೆ ಸಿಹಿ ಕೊಡುವ ರೂಢಿ ಮನೆಮನೆಯಲ್ಲೂ ಇದೆ. ‘ವಾಕಾಕುಸಾ’, ‘ಯಾಮಾಕಾವಾ’ ಎಂಬ ಎರಡು ಸಿಹಿಗಳನ್ನು ಕೇಳಿ ಪಡೆಯಿರಿ, ಎರಡೂ ಅಕ್ಕಿ ಮತ್ತು ಸಕ್ಕರೆಯವು. ಕೆಲವು ಸಿಹಿಗಳಲ್ಲಿ ಮೊಟ್ಟೆ ಇರುವುದರಿಂದ ಉಳಿದವನ್ನು ವಿಚಾರಿಸಿ ಕೊಳ್ಳಿ. ದೇಗುಲದ ಬೀದಿಯಲ್ಲಿ ಸಿಗುವ ‘ಜೆನ್‌ಜಾಯಿ’ ಕೆಂಪು ಅವರೆಯ ಬಿಸಿ ಪಾಯಸ, ‘ಮೋಚಿ’ ಎಂಬ ಅಕ್ಕಿಯ ಅಂಟು ಕಡುಬು ಹಾಕಿರುತ್ತಾರೆ. ಮಧ್ಯಾಹ್ನದ ಹಸಿವಿಗೆ ಸಾಕಾಗುತ್ತದೆ. ರಾತ್ರಿಗೆ ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಅನ್ನ, ಮೊಸರು, ಊರಿನಿಂದ ತಂದ ಹುರಿದ ಚಟ್ನಿಪುಡಿ. ಹಸಿ ಹಣ್ಣು, ತರಕಾರಿ, ಕರಿಬೇವು ತರಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಗುಡ್ಡಗಾಡು ಚಾರಣಿಗ:

ಮೂರು ರಾತ್ರಿಯನ್ನೂ ಮತ್ಸುಯೆಯಲ್ಲಿ ಕಳೆಯುವ ಬದಲು ಒಂದನ್ನು ಇವಾಮಿ ಗಿನ್‌ಜಾನ್‌ಗೆ ಕೊಡಿ. ಹಳೆಯ ಬೆಳ್ಳಿ ಗಣಿ, 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಓಮೊರಿ ಎಂಬ ಗಣಿಪೇಟೆ ಬಹಳ ಚೆಂದ.

ತುಂಗೆಯ ದಡದವಳು:

ಎಲ್ಲರಿಗೂ ಕೃತಜ್ಞತೆಗಳು. ಅಮ್ಮನಿಗೆ ಓದಿ ಹೇಳಿದೆ, ಪೈನ್ ಬೇಲಿಯ ಮನೆಗಳನ್ನು ನೋಡಲೇಬೇಕು ಎನ್ನುತ್ತಿದ್ದಾರೆ. ಇನ್ನೆರಡು ಪ್ರಶ್ನೆಗಳಿವೆ. ಕೋಟೆಯ ಕಂದಕದಲ್ಲಿ ದೋಣಿ ವಿಹಾರವಿದೆಯಂತೆ, ಅಮ್ಮನಿಗೆ ಆಗುತ್ತದೆಯೇ? ಇಜುಮೊ ದೇಗುಲದಲ್ಲಿ ಎಷ್ಟು ನಡೆಯಬೇಕು?

ಒಕಯಾಮಾ ನಿವಾಸಿ:

ದೋಣಿ ಬೇಡ. ಸುಮಾರು ಐವತ್ತು ನಿಮಿಷ ಪಾದರಕ್ಷೆ ಕಳಚಿ ನೆಲದ ಮೇಲೆ ಕೂರಬೇಕು. ತಗ್ಗಾದ ಸೇತುವೆಗಳ ಕೆಳಗೆ ಸಾಗುವಾಗ ದೋಣಿಯ ಚಾವಣಿಯನ್ನೇ ಇಳಿಸುತ್ತಾರೆ, ಎಲ್ಲರೂ ಮುಂದಕ್ಕೆ ಬಾಗಬೇಕು. ಮಂಡಿನೋವಿರುವವರಿಗೆ ಅದು ಹಿಂಸೆ. ಬದಲಿಗೆ ಅದಾಚಿ ಕಲಾ ಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಯಾಸುಗಿ ನಿಲ್ದಾಣದಿಂದ ಅವರದೇ ಉಚಿತ ಬಸ್ ಇದೆ. ಅಲ್ಲಿನ ಉದ್ಯಾನದೊಳಗೆ ಯಾರೂ ಕಾಲಿಡುವಂತಿಲ್ಲ, ಕಟ್ಟಡದೊಳಗಿನಿಂದ ದೊಡ್ಡ ಕಿಟಕಿಗಳ ಮೂಲಕ ನೋಡಬೇಕು. ಒಂದು ಕೋಣೆಯಲ್ಲಿ ಗೋಡೆಯನ್ನೇ ಕೊರೆದಿದ್ದಾರೆ, ತೂಗುಹಾಕಿದ ಚಿತ್ರಪಟ ಇರಬೇಕಾದ ಜಾಗದಲ್ಲಿ ನಿಜವಾದ ತೋಟ ಕಾಣುತ್ತದೆ. ಜಪಾನಿ ಉದ್ಯಾನಗಳ ಬಗೆಗಿನ ಅಮೆರಿಕದ ಪತ್ರಿಕೆಯೊಂದು 2003ರಿಂದ ಪ್ರತಿ ವರ್ಷವೂ ಇದಕ್ಕೇ ಮೊದಲ ಸ್ಥಾನ ಕೊಡುತ್ತಾ ಬಂದಿದೆ. ನವೆಂಬರಿನಲ್ಲಿ ಮೇಪಲ್ ಎಲೆಗಳು ಕೆಂಪಾಗತೊಡಗುತ್ತವೆ.

ಇಜುಮೊದಲ್ಲಿ ರೈಲು ನಿಲ್ದಾಣದಿಂದ ದೇಗುಲ ಹತ್ತಿರ. ಆದರೆ ದೇಗುಲದ ಮುಂಬಾಗಿಲಾಗಿ ನಿಂತ ತೋರಣಗಂಬದಿಂದಾಚೆ ದಾರಿ ಇಳಿಜಾರು, ಮರಳುವಾಗ ಅದನ್ನೇ ಹತ್ತಬೇಕು, ನಡುವೆ ಕುಳಿತು ಬನ್ನಿ. ಈಗಿನ ಗರ್ಭಗುಡಿ 1744ರದ್ದು, ಎತ್ತರ 24 ಮೀಟರ್. ಒಳಗೆ ಬಿಡುವುದಿಲ್ಲ. ಅದರ ಮುಂದಿನ ಅಂಗಳದ ನೆಲದ ಮೇಲೆ ಮೂರು ಮೂರು ದೊಡ್ಡ ವೃತ್ತಗಳ ಗುರುತು ಇದೆ, ತಪ್ಪದೆ ತೋರಿಸಿ. 2000ನೇ ಇಸವಿಯಲ್ಲಿ ಅಗೆದಾಗ ಅಲ್ಲಿ ಹದಿಮೂರನೆಯ ಶತಮಾನದ ದೇಗುಲದ ಕಂಬಗಳ ಬುಡ ಸಿಕ್ಕಿತು. ಮೂರು ಭಾರಿ ಮರಗಳನ್ನು ಒಟ್ಟಿಗೆ ಕಟ್ಟಿ ಮಾಡಿದ ಒಂದೊಂದು ಕಂಬದ ಅಡ್ಡಗಲ ಸುಮಾರು ಮೂರು ಮೀಟರ್. ಕೈಮುಗಿಯುವಾಗ ಇಲ್ಲಿ ಎರಡು ಬಾರಿ ಬಾಗಿ, ನಾಲ್ಕು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಬೇರೆ ಹೆಚ್ಚಿನ ದೇಗುಲಗಳಲ್ಲಿ ಚಪ್ಪಾಳೆ ಎರಡೇ. ಚಾಂದ್ರಮಾನದ ಹತ್ತನೆಯ ತಿಂಗಳಲ್ಲಿ ದೇಶದ ದೇವರುಗಳೆಲ್ಲ ಇಲ್ಲಿ ಸೇರುತ್ತಾರೆಂಬ ನಂಬಿಕೆಯಿದೆ. ಆ ಉತ್ಸವದ ದಿನಗಳು ನಿಮ್ಮ ಪ್ರವಾಸಕ್ಕೆ ಸರಿಹೊಂದುತ್ತವೆಯೇ ನೋಡಿ. ಹೊಂದಿದರೆ ಕೋಣೆ ಸಿಗುವುದು ಕಷ್ಟ, ಈಗಲೇ ಕಾಯ್ದಿರಿಸಿ.

ಇವಾಮಿ ಗಿನ್‌ಜಾನ್ ಬಗ್ಗೆ ಚಾರಣಿಗರ ಮಾತನ್ನು ಒಪ್ಪುತ್ತೇನೆ, ಊರು ನಿಜಕ್ಕೂ ಚೆಂದ. ಆದರೆ ಗಣಿಯ ಸುರಂಗದವರೆಗೆ ಬಹಳ ದೂರ ನಡೆಯಬೇಕು, ಅದೂ ಏರುದಾರಿ. ಈ ಸಲಕ್ಕೆ ಬಿಡಿ.

ಕೊನೆಯದಾಗಿ ಎರಡು ಮಾತು. ಇಚಿಬಾತಾ ರೈಲು ಹೆಚ್ಚುಕಡಿಮೆ ಗಂಟೆಗೊಂದು, ಆದ್ದರಿಂದ ಹಿರಾತಾದಲ್ಲಿ ಇಳಿದ ಕೂಡಲೇ ಮುಂದಿನ ಗಾಡಿಯ ಸಮಯವನ್ನು ಬರೆದಿಟ್ಟುಕೊಳ್ಳಿ. ಮತ್ತೆ, ಊಟದ ಡಬ್ಬಿ ಮರೆತರೂ ಛತ್ರಿ ಮರೆಯಬೇಡ ಎಂದು ಆ ಸೀಮೆಯವರು ಹೇಳುತ್ತಾರೆ. ನವೆಂಬರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹನಿ ಶುರುವಾಗುತ್ತದೆ. ಇಬ್ಬರಿಗೂ ಒಂದೊಂದು ಛತ್ರಿ ಇರಲಿ.